ಪಾಠ 7: ಗಿರಾಕಿ ಸಿಟ್ಟಾದಾಗ – ಮನೆ ಅಲಂಕಾರದ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ

ದುಬೈ, ಶಾರ್ಜಾ, ಅಬುಧಾಬಿಯ ಮಾಲ್‌ಗಳಲ್ಲಿ ಪರದೆ, ಕಾರ್ಪೆಟ್, ದೀಪ, ಸೋಫಾ, ಹೂದಾನಿ ಮಾರುವ ದೊಡ್ಡ ಅಂಗಡಿಗಳಿವೆ. ನಮ್ಮ ಊರಿನ ಅನೇಕರು ಅಲ್ಲಿ ಸೇಲ್ಸ್‌ಮನ್, ಕ್ಯಾಷಿಯರ್, ಡೆಲಿವರಿ ಹುಡುಗರಾಗಿ ದುಡಿಯುತ್ತಿದ್ದಾರೆ. ಈ ಕೆಲಸದಲ್ಲಿ ಭಾರ ಹೊರುವುದಕ್ಕಿಂತ ಮಾತು ನಿಭಾಯಿಸುವುದೇ ಕಷ್ಟ. ಸಾಮಾನು ಸರಿಯಿಲ್ಲದಿದ್ದರೆ ಗಿರಾಕಿ ಬಂದು ಕೂಗಾಡುವುದು ಮಾಲೀಕರ ಮೇಲಲ್ಲ, ಎದುರಿಗೆ ನಿಂತ ನಿಮ್ಮ ಮೇಲೆ. ಜಗಳ ಹುಟ್ಟದಂತೆ ಏನು ಮಾಡಬೇಕು, ಹುಟ್ಟಿದರೆ ಹೇಗೆ ನಡೆದುಕೊಳ್ಳಬೇಕು, ಒಡೆದ ಸಾಮಾನಿನ ದುಡ್ಡನ್ನು ನಿಮ್ಮ ಸಂಬಳದಲ್ಲಿ ಹಿಡಿಯಲು ಬಂದರೆ ಏನು ಹೇಳಬೇಕು – ಈ ಮೂರನ್ನು ಇಲ್ಲಿ ಕಲಿಯೋಣ.

1. ಅರ್ಧ ಜಗಳ ಅಳತೆಯಿಂದಲೇ ಹುಟ್ಟುತ್ತದೆ

ಗಿರಾಕಿ "ಎಂಟು" ಅಂದರೆ ಎಂಟು ಅಡಿಯೋ, ಇನ್ನೇನೋ? ಒಬ್ಬರು ಅಡಿಯಲ್ಲಿ ಹೇಳುತ್ತಾರೆ, ಇನ್ನೊಬ್ಬರು ಸೆಂಟಿಮೀಟರಿನಲ್ಲಿ. 1 ಇಂಚು ಅಂದರೆ 2.54 ಸೆಂಟಿಮೀಟರ್; 8 ಅಡಿ ಅಂದರೆ ಸುಮಾರು 244 ಸೆಂಟಿಮೀಟರ್. ಬಿಲ್‌ನಲ್ಲಿ ಯಾವಾಗಲೂ ಸೆಂಟಿಮೀಟರಿನಲ್ಲೇ ಬರೆಯಿರಿ, ಬರೆದದ್ದನ್ನು ಗಿರಾಕಿಗೆ ತೋರಿಸಿ.

ಪರದೆ: ಸರಳು 2 ಮೀಟರ್ ಇದ್ದರೆ 2 ಮೀಟರ್ ಬಟ್ಟೆ ಸಾಲುವುದಿಲ್ಲ. ನೆರಿಗೆ ಚೆನ್ನಾಗಿ ಬೀಳಬೇಕಾದರೆ ಸುಮಾರು ಎರಡು ಪಟ್ಟು, ಅಂದರೆ 4 ಮೀಟರ್ ಅಗಲ ಬೇಕು. ಇದನ್ನು ಮೊದಲೇ ಹೇಳದಿದ್ದರೆ, "ಪರದೆ ಹಾಳೆ ಕಟ್ಟಿದ ಹಾಗಿದೆ" ಎಂದು ವಾಪಸ್ ಬರುತ್ತದೆ.

ಗೋಡೆ ಕಾಗದ: ಸಾಮಾನ್ಯ ರೋಲ್ 53 ಸೆಂಟಿಮೀಟರ್ ಅಗಲ, 10 ಮೀಟರ್ ಉದ್ದ. 4 ಮೀಟರ್ ಅಗಲದ ಗೋಡೆಗೆ 8 ಪಟ್ಟಿ ಬೇಕು. ಎತ್ತರ 2.7 ಮೀಟರ್ ಇದ್ದರೆ ಒಂದು ರೋಲಿನಲ್ಲಿ 3 ಪಟ್ಟಿ ಬರುತ್ತವೆ. ಹಾಗಾಗಿ 3 ರೋಲ್ ಕೊಡಬೇಕು. ದೊಡ್ಡ ಚಿತ್ತಾರವಿದ್ದರೆ ಪಟ್ಟಿಗಳನ್ನು ಹೊಂದಿಸುವಾಗ ಕಾಗದ ಕತ್ತರಿಸಿ ಹೋಗುತ್ತದೆ, ಒಂದು ರೋಲ್ ಹೆಚ್ಚು ಬೇಕಾಗಬಹುದು. ಎಲ್ಲ ರೋಲ್‌ಗಳ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ. ಬ್ಯಾಚ್ ಬೇರೆಯಾದರೆ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಕಾಣಬಹುದು.

ಸೋಫಾ, ಕಪಾಟು: ಕೋಣೆಯ ಅಳತೆ ಮಾತ್ರ ಕೇಳಿದರೆ ಸಾಲದು. ಲಿಫ್ಟ್, ಬಾಗಿಲು, ಮೆಟ್ಟಿಲ ತಿರುವು – ಇವುಗಳ ಅಳತೆಯನ್ನೂ ಕೇಳಿ. ಹತ್ತನೇ ಮಹಡಿಗೆ ಹೊತ್ತು ಹೋದ ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡರೆ ಬೈಗುಳ ಡೆಲಿವರಿ ಹುಡುಗನಿಗೆ.

ಬಣ್ಣ: ಅಂಗಡಿಯ ಬೆಳಕೇ ಬೇರೆ, ಮನೆಯ ಬೆಳಕೇ ಬೇರೆ. ಬಟ್ಟೆಯ ತುಂಡನ್ನು ಬಾಗಿಲ ಹತ್ತಿರ ಹಗಲು ಬೆಳಕಿನಲ್ಲಿ ತೋರಿಸಿ. ಸಾಧ್ಯವಿದ್ದರೆ ಸ್ಯಾಂಪಲ್ ಮನೆಗೆ ಕೊಟ್ಟು ಕಳಿಸಿ.

2. ನಿಮ್ಮ ಕೈಯಲ್ಲಿಲ್ಲದ ಮಾತು ಕೊಡಬೇಡಿ

ಟಾರ್ಗೆಟ್ ಮುಟ್ಟಬೇಕೆಂಬ ಆತುರದಲ್ಲಿ "ನಾಳೆ ಬರುತ್ತೆ ಸಾರ್", "ಇಷ್ಟ ಆಗದಿದ್ದರೆ ವಾಪಸ್ ತಗೋತೀವಿ ಮೇಡಂ" ಎಂದು ಹೇಳಿಬಿಡುತ್ತೇವೆ. ಡೆಲಿವರಿ ದಿನವನ್ನು ಸ್ಟೋರ್ ರೂಮಿನವರನ್ನು ಕೇಳಿ, ಬಿಲ್ ಮೇಲೆ ಬರೆದು ಕೊಡಿ. ಅಳತೆ ಕೊಟ್ಟು ಹೊಲಿಸಿದ ಪರದೆಯನ್ನು ಬರೀ ಮನಸ್ಸು ಬದಲಾಯಿತು ಎಂದು ವಾಪಸ್ ಪಡೆಯುವುದು ಆಯಾ ಅಂಗಡಿಯ ನಿಯಮಕ್ಕೆ ಬಿಟ್ಟದ್ದು. ಆ ನಿಯಮವನ್ನು ದುಡ್ಡು ಪಡೆಯುವ ಮೊದಲೇ ಹೇಳಿ.

ಆದರೆ ಸಾಮಾನಿನಲ್ಲೇ ದೋಷವಿದ್ದರೆ ಮಾತು ಬೇರೆ. ಯುಎಇಯ 2020ರ 15ನೇ ಸಂಖ್ಯೆಯ ಗ್ರಾಹಕ ರಕ್ಷಣಾ ಕಾನೂನಿನ ಪ್ರಕಾರ ದೋಷವಿರುವ ಸಾಮಾನಿಗೆ ದುರಸ್ತಿ, ಬದಲಿ ಅಥವಾ ಹಣ ವಾಪಸ್ ಪಡೆಯುವ ಹಕ್ಕು ಗಿರಾಕಿಗಿದೆ. ಹಾಗಾಗಿ ಕಾಲು ಬಿರಿದ ಮೇಜು ತಂದವರಿಗೆ "ನೋ ರಿಟರ್ನ್" ಬೋರ್ಡ್ ತೋರಿಸಿ ವಾದ ಮಾಡಬೇಡಿ. ಬೆಲೆಯ ವಿಷಯವೂ ಹಾಗೆಯೇ: 2018ರ ಜನವರಿಯಿಂದ ಇಲ್ಲಿ ಶೇ. 5 ವ್ಯಾಟ್ ಇದೆ, ಕಪಾಟಿನ ಮೇಲೆ ತೋರಿಸಿದ ಬೆಲೆಯಲ್ಲೇ ಅದು ಸೇರಿರಬೇಕು. ಚೀಟಿಯಲ್ಲಿ ಒಂದು ಬೆಲೆ, ಕೌಂಟರಿನಲ್ಲಿ ಇನ್ನೊಂದು ಬೆಲೆ ಕಂಡರೆ ಗಿರಾಕಿ ಕೇಳುವ ಮೊದಲೇ ಸೂಪರ್‌ವೈಸರ್‌ಗೆ ತಿಳಿಸಿ.

3. ಗಿರಾಕಿ ಕೂಗಾಡಿದಾಗ

ಮೊದಲು ಪೂರ್ತಿ ಕೇಳಿ, ಮಧ್ಯೆ ಬಾಯಿ ಹಾಕಬೇಡಿ. ಆಮೇಲೆ ನೀವು ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ಒಂದು ಸಲ ಹೇಳಿ: "ಮೇಡಂ, ಮೂರು ಪರದೆಯಲ್ಲಿ ಒಂದು ಗಿಡ್ಡ ಇದೆ, ಶುಕ್ರವಾರ ನಿಮ್ಮನೇಲಿ ಸಮಾರಂಭ ಇದೆ, ಅಷ್ಟರೊಳಗೆ ಬೇಕು, ಅಲ್ವಾ?" ತನ್ನ ಮಾತು ಇವನಿಗೆ ಅರ್ಥವಾಯಿತು ಅನಿಸಿದರೆ ಅರ್ಧ ಸಿಟ್ಟು ಇಳಿಯುತ್ತದೆ. ನಂತರ ಬಿಲ್ ನೋಡಿ, ಸಾಮಾನು ನೋಡಿ. ನಿಮ್ಮಿಂದ ಆಗುವುದನ್ನು ಹೇಳಿ. ಆಗದಿದ್ದರೆ ಸೂಪರ್‌ವೈಸರ್‌ನ ಕರೆದುಕೊಂಡು ಬನ್ನಿ. ತಪ್ಪು ಯಾರದೆಂದು ಗಿರಾಕಿಯ ಎದುರು ಸಹೋದ್ಯೋಗಿಯ ಕಡೆ ಬೆರಳು ತೋರಿಸಬೇಡಿ.

ನಾಲ್ಕು ಅರಬ್ಬಿ ಮಾತು ಕಲಿತಿರಿ: "ಆಸಿಫ್" ಅಂದರೆ ಕ್ಷಮಿಸಿ (ಹೆಂಗಸರು "ಆಸ್ಫಾ" ಎನ್ನಬೇಕು), "ದಕೀಕಾ" ಅಂದರೆ ಒಂದು ನಿಮಿಷ, "ತಫದ್ದಲ್" ಅಂದರೆ ಬನ್ನಿ, ತೆಗೆದುಕೊಳ್ಳಿ, "ಶುಕ್ರನ್" ಅಂದರೆ ಧನ್ಯವಾದ.

ಎರಡು ಎಚ್ಚರಿಕೆಯನ್ನು ಮರೆಯಬೇಡಿ. ಒಂದು, ಅವರು ಬೈದರೂ ನೀವು ತಿರುಗಿ ಬೈಯಬೇಡಿ. ಈ ದೇಶದಲ್ಲಿ ಬೈಗುಳ ಅಪರಾಧ. ವಾಟ್ಸಾಪ್‌ನಲ್ಲಿ ಬೈದರೂ ಕೇಸಾಗುತ್ತದೆ. ಎರಡು, "ಸಾಕ್ಷಿ ಇರಲಿ" ಎಂದು ಮೊಬೈಲಿನಲ್ಲಿ ಗಿರಾಕಿಯ ವಿಡಿಯೊ ತೆಗೆಯಬೇಡಿ. ಒಪ್ಪಿಗೆ ಇಲ್ಲದೆ ಒಬ್ಬರ ಫೋಟೊ, ವಿಡಿಯೊ ತೆಗೆದು ಹಂಚುವುದು ಇಲ್ಲಿ ದೊಡ್ಡ ಅಪರಾಧ; ನ್ಯಾಯ ನಿಮ್ಮ ಕಡೆ ಇದ್ದರೂ ನೀವೇ ಸಿಕ್ಕಿಬೀಳುತ್ತೀರಿ. ಸಾಕ್ಷಿಗೆ ಅಂಗಡಿಯ ಸಿಸಿಟಿವಿ ಇದೆ. ಗಲಾಟೆ ಆದ ದಿನವೇ ತಾರೀಕು, ಗಂಟೆ, ಬಿಲ್ ನಂಬರ್, ಜೊತೆಗಿದ್ದವರ ಹೆಸರು ಬರೆದಿಟ್ಟುಕೊಳ್ಳಿ.

4. ಒಡೆದ ಸಾಮಾನಿನ ದುಡ್ಡು ಯಾರು ಕೊಡಬೇಕು?

ಉದಾಹರಣೆಗೆ, ಗಿರಾಕಿಯ ಮಗು ಕೈ ತಾಗಿಸಿ 400 ದಿರ್ಹಮ್‌ನ ಹೂದಾನಿ ಬೀಳಿಸಿತು. ಆ ಭಾಗದಲ್ಲಿ ಡ್ಯೂಟಿಯಲ್ಲಿದ್ದವರು ನೀವು. ಸಂಜೆ ಮ್ಯಾನೇಜರ್ ಒಂದು ಕಾಗದ ತಂದು "ಸಹಿ ಹಾಕು, ಸಂಬಳದಲ್ಲಿ ಹಿಡೀತೀವಿ" ಅನ್ನುತ್ತಾರೆ. ಏನು ಮಾಡುತ್ತೀರಿ?

2021ರ 33ನೇ ಸಂಖ್ಯೆಯ ಕಾರ್ಮಿಕ ಕಾನೂನು 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ಅದರ 25ನೇ ವಿಧಿಯಂತೆ, ನಿಮ್ಮ ತಪ್ಪಿನಿಂದ ಅಥವಾ ಹೇಳಿದ ಸೂಚನೆ ಮೀರಿದ್ದರಿಂದ ಹಾನಿಯಾಗಿದ್ದರೆ ಮಾತ್ರ ದುಡ್ಡು ಹಿಡಿಯಬಹುದು. ಮಗು ಒಡೆದದ್ದು ನಿಮ್ಮ ತಪ್ಪಲ್ಲ. ಅಂದರೆ ಆ ಸಹಿಗೆ 400 ದಿರ್ಹಮ್ ಬೆಲೆ ಇದೆ, ಹೆದರಿ ಹಾಕಬೇಡಿ. ಮರ್ಯಾದೆಯಿಂದಲೇ ಹೇಳಿ: "ಸಾರ್, ಓದಿ ಅರ್ಥ ಮಾಡ್ಕೊಂಡು ನಾಳೆ ಹೇಳ್ತೀನಿ. ಕ್ಯಾಮೆರಾದಲ್ಲಿ ಒಂದ್ಸಲ ನೋಡೋಣ." ಕಾಗದದ ನಕಲು ಕೇಳಿ ಪಡೆಯಿರಿ. ಅರ್ಥವಾಗದ ಭಾಷೆಯ ಕಾಗದವಾದರೆ ಓದಿ ಹೇಳುವವರು ಸಿಗುವ ತನಕ ಸಹಿ ಬೇಡ.

ನಿಮ್ಮದೇ ತಪ್ಪಿದ್ದರೆ ಒಪ್ಪಿಕೊಳ್ಳುವುದು ನ್ಯಾಯ. ಕಂತಿನಲ್ಲಿ ಹಿಡಿಯಿರಿ ಎಂದು ಕೇಳಿಕೊಳ್ಳಿ. ಎಷ್ಟೇ ಕಾರಣಗಳಿದ್ದರೂ ಒಂದು ತಿಂಗಳ ಎಲ್ಲ ಕಡಿತಗಳು ಸೇರಿ ಸಂಬಳದ ಅರ್ಧವನ್ನು ಮೀರುವಂತಿಲ್ಲ.

5. ಸೇಲ್ ಸಮಯದ ಡ್ಯೂಟಿ

ಈದ್‌ಗೆ ಮುಂಚೆ ಮನೆ ಸಿಂಗರಿಸುವವರ ನೂಕುನುಗ್ಗಲು. ಆಗ ಡ್ಯೂಟಿ ಉದ್ದವಾಗುತ್ತದೆ. ಸಾಮಾನ್ಯ ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ; ರಂಜಾನ್ ತಿಂಗಳಲ್ಲಿ ದಿನಕ್ಕೆ 2 ಗಂಟೆ ಕಡಿಮೆ. ಸತತ 5 ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವು ಕೊಡಬೇಕು. ಓವರ್‌ಟೈಮ್‌ಗೆ ಮೂಲ ವೇತನದ ಲೆಕ್ಕದಲ್ಲಿ ಶೇ. 25 ಹೆಚ್ಚಿಗೆ ಸಿಗಬೇಕು. ಬಂದ ಗಂಟೆ, ಹೋದ ಗಂಟೆಯನ್ನು ಪ್ರತಿದಿನ ಸಣ್ಣ ಪುಸ್ತಕದಲ್ಲಿ ಬರೆದಿಡಿ. ದಣಿದ ಮೈಗೆ ತಾಳ್ಮೆಯೂ ಕಡಿಮೆ. ಗಿರಾಕಿಯ ಜೊತೆ ಮಾತು ತಪ್ಪುವುದು ಅಂಥ ರಾತ್ರಿಗಳಲ್ಲೇ.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಕಾರ್ಮಿಕ ಸಚಿವಾಲಯದ ಸಲಹಾ ಸಂಖ್ಯೆ 80084ಕ್ಕೆ, ಅಥವಾ ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 800 46342ಕ್ಕೆ ಕರೆ ಮಾಡಿ. ಸಚಿವಾಲಯಕ್ಕೆ ಗಂಭೀರ ದೂರು ಕೊಟ್ಟು ಅದು ನಿಜವೆಂದು ಸಾಬೀತಾದರೆ, ಆ ಕಾರಣಕ್ಕೆ ನಿಮ್ಮನ್ನು ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ.

ಅಭ್ಯಾಸ – ರೂಮಿನಲ್ಲಿ ಇಬ್ಬರು ಸೇರಿ ಮಾಡಿ

ಅ) 3 ಮೀಟರ್ ಸರಳಿಗೆ ಎಷ್ಟು ಅಗಲದ ಬಟ್ಟೆ ಬೇಕು?
ಆ) ಒಬ್ಬರು ಸಿಟ್ಟಾದ ಗಿರಾಕಿಯಾಗಿ, ಕಾಲು ಬಿರಿದ ಮೇಜಿನ ದೂರು ಹೇಳಿ. ಇನ್ನೊಬ್ಬರು ಪೂರ್ತಿ ಕೇಳಿ, ಕೇಳಿದ್ದನ್ನು ಒಂದೇ ವಾಕ್ಯದಲ್ಲಿ ತಿರುಗಿ ಹೇಳಿ.
ಇ) "ಈಗಲೇ ಸಹಿ ಹಾಕು" ಎಂಬ ಮಾತಿಗೆ ದನಿ ಏರಿಸದೆ ಉತ್ತರ ಕೊಡಿ. ಬಾಯಿಗೆ ಸಲೀಸಾಗುವ ತನಕ ಹೇಳಿ ನೋಡಿ. ಅಂಗಡಿಯಲ್ಲಿ ಆ ಕಾಗದ ಮುಂದೆ ಬಂದಾಗ ಯೋಚಿಸಲು ಸಮಯ ಸಿಗುವುದಿಲ್ಲ.