ಗಾಲಿಯ ಮೇಲೊಂದು ಕೋಣೆ: ಕಬ್ಬಿಣ ಕತ್ತರಿಸುವ ಮೊದಲು ಕಾಗದ

ಭರತ ಹುಣ್ಣಿಮೆ ಹತ್ತಿರ ಬಂತೆಂದರೆ ರಾಣೆಬೆನ್ನೂರು ಹತ್ತಿರದ ಮೇಡ್ಲೇರಿ ಸುತ್ತಿನ ಊರುಗಳ ಜನ ಹೊಳೆಯಾಚೆಯ ಮೈಲಾರಕ್ಕೆ ಹೊರಡುತ್ತಾರೆ. ಹಿಂದೆ ಕೊಲ್ಲಾರಿ ಬಂಡಿ ಹೂಡುತ್ತಿದ್ದರು. ಈಗ ಟ್ರ್ಯಾಕ್ಟರಿನ ಟ್ರೇಲರಿಗೆ ಕಮಾನು ಕಟ್ಟಿ, ತಾಡಪತ್ರಿ ಹೊದಿಸಿ, ಹುಲ್ಲಿನ ಮೇಲೆ ಕೌದಿ ಹಾಸಿದರೆ ಜಾತ್ರೆ ಮುಗಿಯುವವರೆಗಿನ ಮನೆ ತಯಾರು. ರೊಟ್ಟಿ ಬುತ್ತಿ, ನೀರಿನ ಕ್ಯಾನು, ಅಜ್ಜಿ, ಮೊಮ್ಮಕ್ಕಳು ಎಲ್ಲ ಅದರಲ್ಲೇ. ದೇವರಗುಡ್ಡಕ್ಕೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ, ಉಳವಿಗೆ ಹೋಗುವವರದೂ ಇದೇ ಏರ್ಪಾಡು. ಪ್ರವಾಸಿ ಟ್ರೇಲರ್ ಎಂದು ಪಟ್ಟಣದವರು ಕರೆಯುವ ವಸ್ತುವನ್ನು ನಮ್ಮ ಸೀಮೆ ತಲೆಮಾರುಗಳಿಂದ ಬಲ್ಲದು.

ಈಗ ಕೆಲವು ಹುಡುಗರು ಇನ್ನೊಂದು ಹೆಜ್ಜೆ ಮುಂದೆ ಯೋಚಿಸುತ್ತಿದ್ದಾರೆ. ಎರಡು ಗಾಲಿ, ಒಂದು ಆಕ್ಸೆಲ್, ಕಬ್ಬಿಣದ ಚೌಕಟ್ಟು, ಪ್ಲೈವುಡ್ ಗೋಡೆ, ಒಳಗೊಂದು ಹಾಸಿಗೆ, ಮೇಲೊಂದು ಸೋಲಾರ್ ಫಲಕ. ಅದನ್ನು ಕಾರಿನ ಅಥವಾ ಜೀಪಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗುವ ಆಸೆ. ರಾಣೆಬೆನ್ನೂರಿನಂಥ ಊರಿನಲ್ಲಿ ಇದನ್ನು ಬೆಸೆದು ಕೊಡುವ ಕೈಗಳಿಗೆ ಬರವಿಲ್ಲ. ಆದರೆ ಕೆಲಸ ಮುಗಿದ ಮೇಲೆ ಆರ್‌ಟಿಒ ಕಚೇರಿಗೆ ಹೋದರೆ ಅಲ್ಲಿ ಬಾಗಿಲು ಮುಚ್ಚಿರುತ್ತದೆ. ಮುಚ್ಚಿದ್ದು ಯಾರ ದ್ವೇಷದಿಂದಲೂ ಅಲ್ಲ, ಮೊದಲು ಮಾಡಬೇಕಾದ ಕೆಲಸವನ್ನು ಕೊನೆಗೆ ಮಾಡಲು ಹೋದದ್ದರಿಂದ. ಲಕ್ಷಗಟ್ಟಲೆ ದುಡ್ಡು ತುಕ್ಕು ಹಿಡಿಯಬಾರದು ಎಂಬ ಕಳಕಳಿಯಿಂದಲೇ ಈ ಬರಹ.

ಮೊದಲು ತಿಳಿಯಬೇಕಾದದ್ದು ಇಷ್ಟು. ಟ್ರೇಲರಿಗೆ ಎಂಜಿನ್ ಇಲ್ಲ, ಆದ್ದರಿಂದ ಅದು ವಾಹನವಲ್ಲ ಎಂಬ ನಂಬಿಕೆ ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಂ ‘ಮೋಟಾರು ವಾಹನ’ ಎಂಬುದರೊಳಗೆ ಟ್ರೇಲರನ್ನೂ ಸೇರಿಸಿದೆ. ಮೋಟಾರು ವಾಹನವು ಎಳೆಯುವ, ಅಥವಾ ಎಳೆಯಲೆಂದು ಮಾಡಿದ ಯಾವ ವಾಹನವೂ ಟ್ರೇಲರೇ ಎನ್ನುತ್ತದೆ 2(46)ನೇ ಕಲಂ. ಸೈಡ್‌ಕಾರ್ ಮತ್ತು ಸೆಮಿ ಟ್ರೇಲರ್ ಮಾತ್ರ ಇದರ ಹೊರಗೆ. 61ನೇ ಕಲಂ ಇನ್ನೂ ನೇರವಾಗಿದೆ: ಬೇರೆ ವಾಹನಗಳ ನೋಂದಣಿಗೆ ಇರುವ ನಿಯಮಗಳೇ ಟ್ರೇಲರಿಗೂ ಅನ್ವಯ. ಅಂದರೆ ನಿಮ್ಮ ಕಾರಿಗೆ ಆರ್‌ಸಿ ಇದ್ದರೆ ಸಾಲದು, ಹಿಂದಿನ ಕೋಣೆಗೂ ಅದರದೇ ಆರ್‌ಸಿ, ಅದರದೇ ನಂಬರು, ಅದರದೇ ವಿಮೆ ಬೇಕು. ಬ್ರಿಟನ್ನಿನಲ್ಲಿ ಮನೆಬಳಕೆಯ ಸಣ್ಣ ಟ್ರೇಲರಿಗೆ ನೋಂದಣಿ ಬೇಡ. ಅಲ್ಲಿಯವರ ವಿಡಿಯೊ ನೋಡಿ ಇಲ್ಲಿಯೂ ಹಾಗೇ ಎಂದುಕೊಂಡು ಕೆಲಸ ಶುರುಮಾಡಬೇಡಿ.

ಟ್ರೇಲರ್ ಮಾಡಿ ನಿಮ್ಮ ಹಿತ್ತಲಲ್ಲಿ ನಿಲ್ಲಿಸಿಕೊಳ್ಳುವುದು ಅಪರಾಧವಲ್ಲ. ಅದನ್ನು ಎಳೆದು ಹೊರಟಾಗ 39ನೇ ಕಲಂ ಎದುರಾಗುತ್ತದೆ: ನೋಂದಣಿ ಇಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಾಗಲಿ ಬೇರೆ ಸ್ಥಳದಲ್ಲಾಗಲಿ ಓಡಿಸುವಂತಿಲ್ಲ. 192ನೇ ಕಲಮಿನ ಪ್ರಕಾರ ಮೊದಲ ಸಲ 5,000 ರೂಪಾಯಿವರೆಗೆ ದಂಡ. ಎರಡನೆಯ ಸಲ 10,000 ರೂಪಾಯಿವರೆಗೆ ದಂಡ, ಅಥವಾ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. 207ನೇ ಕಲಮಿನಡಿ ಪೊಲೀಸರು ವಾಹನವನ್ನು ತಡೆದು ವಶಕ್ಕೆ ಇಟ್ಟುಕೊಳ್ಳಲೂಬಹುದು.

ಹಾಗಾದರೆ ನೋಂದಣಿಗೆ ಏನು ಬೇಕು? ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 47ನೇ ನಿಯಮ ಇದನ್ನು ಹೇಳುತ್ತದೆ. ನಮೂನೆ 20ರಲ್ಲಿ ಅರ್ಜಿ, ನಮೂನೆ 21ರಲ್ಲಿ ಮಾರಾಟ ಪತ್ರ, ನಮೂನೆ 22ರಲ್ಲಿ ರಸ್ತೆಗೆ ಯೋಗ್ಯ ಎಂಬ ತಯಾರಕರ ಪ್ರಮಾಣಪತ್ರ, ವಿಮೆ, ವಿಳಾಸದ ಪುರಾವೆ. ಇವೆಲ್ಲ ಸಾಮಾನ್ಯವಾಗಿ ಎಲ್ಲ ವಾಹನಕ್ಕೂ ಬೇಕಾದವೇ. ಆದರೆ ಟ್ರೇಲರಿಗೆಂದೇ ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ, ಈ ಲೇಖನದ ಜೀವವೇ ಅದು. ಟ್ರೇಲರಿನ ವಿನ್ಯಾಸಕ್ಕೆ ರಾಜ್ಯ ಸಾರಿಗೆ ಪ್ರಾಧಿಕಾರ, ಸಾರಿಗೆ ಆಯುಕ್ತರು ಅಥವಾ ರಾಜ್ಯ ಸರ್ಕಾರ ಗೊತ್ತುಮಾಡಿದ ಬೇರೆ ಪ್ರಾಧಿಕಾರ ಒಪ್ಪಿಗೆ ಕೊಟ್ಟ ನಡಾವಳಿಯ ಪ್ರತಿ ಅರ್ಜಿಯ ಜೊತೆ ಇರಬೇಕು. ಒಪ್ಪಿಗೆ ಸಿಗಬೇಕಾದದ್ದು ನಕ್ಷೆಗೆ. ನಕ್ಷೆ ಇಲ್ಲದೆ ಕಣ್ಣಂದಾಜಿನಲ್ಲಿ ಬೆಸೆದು ನಿಲ್ಲಿಸಿದ ಟ್ರೇಲರನ್ನು ಆಮೇಲೆ ನಿಯಮಕ್ಕೆ ಹೊಂದಿಸುವುದು ಬಹಳ ಕಷ್ಟ.

ಸ್ವಂತ ಕೈಯಿಂದ ಮಾಡುವವರು ಎಡವುವ ಇನ್ನೊಂದು ಜಾಗ ನಮೂನೆ 21 ಮತ್ತು 22. ಮಾರಿದವರು ಯಾರು, ತಯಾರಕರು ಯಾರು ಎಂದು ಅವು ಕೇಳುತ್ತವೆ. ನೀವೇ ಮಾಡಿ ನೀವೇ ಇಟ್ಟುಕೊಂಡರೆ ಅಲ್ಲಿ ಸಹಿ ಹಾಕುವವರಿಲ್ಲ. ಅದಕ್ಕೇ ನನ್ನ ಸಲಹೆ, ಒಳಗಿನ ಮಂಚ, ಕಪಾಟು, ಅಡುಗೆಯ ಕಟ್ಟೆ, ಬಣ್ಣ ಬೇಕಾದರೆ ನೀವು ಮಾಡಿಕೊಳ್ಳಿ. ಚೌಕಟ್ಟು, ಆಕ್ಸೆಲ್, ಕೊಂಡಿ, ಬ್ರೇಕು, ದೀಪದ ಕೆಲಸವನ್ನು ಈಗಾಗಲೇ ವಿನ್ಯಾಸ ಒಪ್ಪಿಗೆ ಪಡೆದಿರುವ ಟ್ರೇಲರ್ ತಯಾರಕರಿಗೆ ಕೊಡಿ. ಮುಂಗಡ ಕೊಡುವ ಮೊದಲು ಆ ಒಪ್ಪಿಗೆಯ ಪ್ರತಿ ಕೇಳಿ. ಅದು ಯಾವ ಅಳತೆಯ, ಎಷ್ಟು ತೂಕದ ಟ್ರೇಲರಿಗೆ ಎಂದು ಓದಿ. ಭತ್ತ, ಗೊಬ್ಬರ ಸಾಗಿಸುವ ಕೃಷಿ ಟ್ರೇಲರಿಗೆ ಸಿಕ್ಕ ಒಪ್ಪಿಗೆಯನ್ನು ಮಲಗುವ ಕೋಣೆಗೆ ತೋರಿಸಲಾಗದು.

ಆರ್‌ಟಿಒಗೆ ಹೋದಾಗ ಯಾವ ವರ್ಗದಲ್ಲಿ ಅರ್ಜಿ ಹಾಕಬೇಕು ಎಂಬುದೂ ಮುಖ್ಯ. ಕೇಂದ್ರ ಸರ್ಕಾರ 2004ರ ನವೆಂಬರ್ 5ರಂದು ಹೊರಡಿಸಿದ ಅಧಿಸೂಚನೆಯಲ್ಲಿ ‘ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅಥವಾ ಟ್ರೇಲರ್’ ಸಾರಿಗೇತರ ವಾಹನಗಳ ಪಟ್ಟಿಯಲ್ಲಿದೆ. ಇಂಥ ವಾಹನವೇ ಕಾನೂನಿನಲ್ಲಿಲ್ಲ ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ ಈ ಅಧಿಸೂಚನೆಯನ್ನು ವಿನಯದಿಂದ ತೋರಿಸಿ. ಸಾರಿಗೇತರ ವಾಹನದ ನೋಂದಣಿ 15 ವರ್ಷಕ್ಕೆ ಇರುತ್ತದೆ. ಆದರೆ ಇದು ಸ್ವಂತ ಬಳಕೆಗೆ ಮಾತ್ರ. ಜಾತ್ರೆಗೆ ಬಾಡಿಗೆ ಬಿಡಲು ಶುರುಮಾಡಿದ ದಿನ ಅದು ಸಾರಿಗೆ ವಾಹನದ ಲೆಕ್ಕಕ್ಕೆ ಬರುತ್ತದೆ. ಪರ್ಮಿಟ್, ಫಿಟ್‌ನೆಸ್, ಬೇರೆ ತೆರಿಗೆ, ಬೇರೆ ವಿಮೆ ಎಲ್ಲವೂ ಹಿಂದೆಯೇ ಬರುತ್ತವೆ.

ಮೇಡ್ಲೇರಿಯವರಿಗೆ ಹತ್ತಿರದ್ದು ರಾಣೆಬೆನ್ನೂರಿನ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿ, ಅಂದರೆ ಕೆಎ-68. ಕೆಎ-27 ಇರುವುದು ಹಾವೇರಿಗೆ. ಕಚೇರಿಯಲ್ಲಿ ಬಾಯಿಮಾತಿನಲ್ಲಿ ಕೇಳಿ ಬಾಯಿಮಾತಿನಲ್ಲಿ ಉತ್ತರ ಪಡೆದು ಬರಬೇಡಿ. ಒಂದು ಹಾಳೆಯಲ್ಲಿ ಉದ್ದ, ಅಗಲ, ಎತ್ತರ, ಖಾಲಿ ತೂಕ, ಎಳೆಯುವ ವಾಹನ ಯಾವುದು ಎಂದು ಬರೆದು, ಕೈನಕ್ಷೆ ಜೋಡಿಸಿ, ‘ಇದಕ್ಕೆ ವಿನ್ಯಾಸ ಒಪ್ಪಿಗೆ ಯಾರಿಂದ, ಯಾವ ದಾಖಲೆ ಕೊಟ್ಟು ಪಡೆಯಬೇಕು’ ಎಂದು ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಗಲ 2.6 ಮೀಟರ್ ಮೀರದಂತೆ ನೋಡಿಕೊಳ್ಳಿ, ಸಾಮಾನ್ಯ ವಾಹನಕ್ಕೆ ನಿಯಮದ ಮಿತಿ ಅದೇ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. 30 ದಿನದೊಳಗೆ ಉತ್ತರ ಬರಬೇಕು.

ನೋಂದಣಿ ನಿರಾಕರಿಸಿದರೆ? ಇಲ್ಲಿ ನಮ್ಮ ಜನ ಸುಮ್ಮನೆ ಹಿಂದಿರುಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಮೋಟಾರು ವಾಹನ ಕಾಯ್ದೆಯ 45ನೇ ಕಲಂ ಅಧಿಕಾರಿಗೆ ನಿರಾಕರಿಸುವ ಅಧಿಕಾರ ಕೊಟ್ಟಿದೆ, ನಿಜ. ಯಾಂತ್ರಿಕ ದೋಷ, ನಿಯಮಕ್ಕೆ ಹೊಂದದಿರುವುದು, ತಪ್ಪು ವಿವರ ಇವೆಲ್ಲ ಕಾರಣಗಳಾಗಬಹುದು. ಆದರೆ ಅದೇ ಕಲಂ ನಿರಾಕರಣೆಯ ಕಾರಣಗಳ ಪ್ರತಿಯನ್ನು ಅರ್ಜಿದಾರರಿಗೆ ಕೊಡಲೇಬೇಕು ಎಂದೂ ಹೇಳುತ್ತದೆ. ಆ ಕಾಗದ ಕೈಗೆ ಬರುವವರೆಗೆ ಕಚೇರಿ ಬಿಟ್ಟು ಏಳಬೇಡಿ. ಏಕೆಂದರೆ 57ನೇ ಕಲಮಿನ ಪ್ರಕಾರ ಆದೇಶದ ನೋಟಿಸು ತಲುಪಿದ 30 ದಿನದೊಳಗೆ ಮೇಲ್ಮನವಿ ಹೋಗಬಹುದು, ಬರೀ ಮಾತಿನ ಮೇಲೆ ಮೇಲ್ಮನವಿ ಹಾಕಲಾಗುವುದಿಲ್ಲ. ಸಕಾಲ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ ಜಿಎಸ್‌ಸಿ ಸಂಖ್ಯೆ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಸಣ್ಣದು, ಆದರೂ ಕಡತ ಎಲ್ಲಿ ನಿಂತಿದೆ ಎಂದು ಕೇಳಲು ಆ ಸಂಖ್ಯೆ ಆಧಾರ.

ಹೊಸದು ಮಾಡುವ ಬದಲು ಮನೆಯಲ್ಲಿರುವ ಕೃಷಿ ಟ್ರೇಲರಿನ ಮೇಲೆಯೇ ಕೋಣೆ ಕಟ್ಟಿದರೆ ಆಗದೇ ಎಂದು ಕೇಳುವವರಿದ್ದಾರೆ. ಕೃಷಿ ಟ್ರೇಲರ್ ಎಂದರೆ ಸಾಮಾನ್ಯವಾಗಿ ಮೇಲು ಹೊದಿಕೆ ಇಲ್ಲದ, ಮುಖ್ಯವಾಗಿ ಕೃಷಿ ಸಾಮಗ್ರಿ ಸಾಗಿಸುವ ಟ್ರೇಲರ್ ಎಂದು ಕೇಂದ್ರ ನಿಯಮಗಳೇ ಹೇಳಿವೆ. ಅದರ ಮೇಲೆ ಗೋಡೆ, ಛಾವಣಿ ಬೆಸೆದರೆ ಆರ್‌ಸಿಯಲ್ಲಿರುವ ವಾಹನ ಬೇರೆ, ರಸ್ತೆಯಲ್ಲಿರುವುದು ಬೇರೆ ಆಗುತ್ತದೆ. 52ನೇ ಕಲಂ ತಡೆಯುವುದು ಇದನ್ನೇ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಕೆ. ಜಯಚಂದ್ರ ಪ್ರಕರಣದಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಕಾರಿಗೆ ಹಿಂದೆ ಕೊಂಡಿ ಬೆಸೆಯುವಾಗಲೂ ಈ ಮಾತು ನೆನಪಿರಲಿ. ನಿಮ್ಮ ಕಾರು ಟ್ರೇಲರ್ ಎಳೆಯಬಹುದೇ, ಎಷ್ಟು ತೂಕ ಎಂದು ಅದರ ಕೈಪಿಡಿಯಲ್ಲಿ ನೋಡಿ, ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಟ್ರೇಲರ್ ಚಲಿಸುವಾಗ ಅದರೊಳಗೆ ಜನ ಕೂರಬಾರದು, ಮಲಗಬಾರದು. ಅದು ನಿಂತ ಮೇಲೆ ಮಲಗುವ ಕೋಣೆ. ಜಾತ್ರೆಯ ಟ್ರೇಲರಿಗೆ ಈ ಮಾತು ಹೇಳುವುದು ಕಷ್ಟ, ಮನೆಮಂದಿಯೆಲ್ಲ ಹೋಗುವುದೇ ಅದರಲ್ಲಿ. ಆದರೂ ಹೇಳಲೇಬೇಕು. ಸರಕು ವಾಹನದಲ್ಲಿ ಪುಕ್ಕಟೆಯಾಗಿ ಕೂತು ಹೋದ ಪ್ರಯಾಣಿಕರ ಸಾವು ನೋವಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿದೆ. ಟ್ರೇಲರ್ ಮಗುಚಿದರೆ ಪರಿಹಾರದ ಹಣ ಮಾಲೀಕರ ಹೊಲ ಮನೆಯಿಂದ ಬರಬೇಕಾಗುತ್ತದೆ. ಗಾಯಗೊಂಡವರು ಬಹುಪಾಲು ಅವರದೇ ಬಂಧುಗಳಾಗಿರುತ್ತಾರೆ. ಎರಡು ಕುಟುಂಬಗಳು ಒಟ್ಟಿಗೇ ಬೀದಿಗೆ ಬರುತ್ತವೆ. ಸಾಮಾನು ಟ್ರೇಲರಿನಲ್ಲಿ ಹೋಗಲಿ, ಹಿರಿಯರು ಮಕ್ಕಳು ಬಸ್ಸಿನಲ್ಲಿ ಹೋಗಲಿ.

ಮೂರನೆಯವರ ವಿಮೆ 146ನೇ ಕಲಮಿನಂತೆ ಕಡ್ಡಾಯ. ಟ್ರ್ಯಾಕ್ಟರಿಗೆ ಅಥವಾ ಕಾರಿಗೆ ವಿಮೆ ಇದೆ, ಟ್ರೇಲರಿಗೆ ಇಲ್ಲ ಎಂಬ ಒಂದೇ ಕಾರಣಕ್ಕೆ ವರ್ಷಗಟ್ಟಲೆ ಕೋರ್ಟಿನಲ್ಲಿ ನರಳಿದ ಪ್ರಕರಣಗಳು ನಮ್ಮ ರಾಜ್ಯದಲ್ಲಿವೆ. ಪಾಲಿಸಿ ಮಾಡಿಸುವಾಗ ಟ್ರೇಲರಿನ ನಂಬರು, ಚಾಸಿ ಸಂಖ್ಯೆ ಅದರಲ್ಲಿ ಬಂದಿದೆಯೇ ಎಂದು ಕಣ್ಣಾರೆ ನೋಡಿ. ಲೈಸೆನ್ಸಿನ ವಿಷಯದಲ್ಲಿ ಹೆದರಿಕೆ ಸ್ವಲ್ಪ ಕಡಿಮೆ. ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸ್ ಇದ್ದವರು ಹಿಂದೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲದವರಾಗುವುದಿಲ್ಲ ಎಂದು 2001ರಲ್ಲೇ, ಕರ್ನಾಟಕದಿಂದ ಹೋದ ನಾಗಶೆಟ್ಟಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ.

ತಂಗುವ ಜಾಗದ ಬಗ್ಗೆಯೂ ಎರಡು ಮಾತು. ರಸ್ತೆ ಬದಿಯ ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಯಾರೂ ಇಲ್ಲದೆ ಬಿಟ್ಟುಹೋದ ವಾಹನವನ್ನು ಎಳೆದೊಯ್ಯಿಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ 127ನೇ ಕಲಂ ಅಧಿಕಾರ ಕೊಡುತ್ತದೆ. ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಿಂದ ಸಂರಕ್ಷಿತ. ವನ್ಯಜೀವಿ ಕಾಯ್ದೆಯಂತೆ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ, ರಾತ್ರಿ ತಂಗುವ ಮಾತೇ ಇಲ್ಲ. ಯಾರದಾದರೂ ಹೊಲದಲ್ಲಿ ನಿಲ್ಲಿಸುವುದಾದರೆ ಮಾಲೀಕರನ್ನು ಕೇಳಿ. ಅಡುಗೆಗೆ ಮನೆಯ ಸಿಲಿಂಡರ್ ಹೊತ್ತೊಯ್ಯುವ ಬದಲು, ಗುರುತಿನ ಚೀಟಿ ತೋರಿಸಿದರೆ ಸಿಗುವ 5 ಕೆ.ಜಿ. ಸಿಲಿಂಡರ್ ಒಯ್ಯಿರಿ.

ಟ್ರೇಲರ್ ಮಾಡಿಕೊಟ್ಟವರ ಜೊತೆ ತಕರಾರು ಬಂದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ನಿಮ್ಮ ಬೆನ್ನಿಗಿದೆ. ಬೆಸುಗೆ ಬಿಟ್ಟಿತು, ಹೇಳಿದ ಕಬ್ಬಿಣ ಹಾಕಲಿಲ್ಲ, ನೋಂದಣಿಯ ಕಾಗದ ಕೊಡುತ್ತೇನೆಂದು ಕೊಡಲಿಲ್ಲ, ಇವೆಲ್ಲ ಸೇವೆಯ ಕೊರತೆಯೇ. ಎರಡು ವರ್ಷದೊಳಗೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರಿಗೆ ಬಲ ಬರುವುದು ಕಾಗದದಿಂದ: ಅಳತೆ ಬರೆದ ಕೊಟೇಶನ್, ಮುಂಗಡದ ರಸೀದಿ, ಜಿಎಸ್‌ಟಿ ಬಿಲ್ಲು, ‘ನಮೂನೆ 21, 22 ಮತ್ತು ವಿನ್ಯಾಸ ಒಪ್ಪಿಗೆಯ ಪ್ರತಿ ಕೊಡುತ್ತೇನೆ’ ಎಂಬ ಒಂದು ಸಾಲು. ವಕೀಲರ ಖರ್ಚು ಭರಿಸಲಾಗದವರು ರಾಣೆಬೆನ್ನೂರು ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.