ತೊಗರಿ ಹೊಲದಲ್ಲಿ ವಿದ್ಯುತ್ ಗೋಪುರ: ತಡೆಯಬಹುದೇ?

ಕಾಗಿಣಾ ದಂಡೆಯ ತೊಗರಿ ಹೊಲದಲ್ಲಿ ಪ್ರಸರಣ ಗೋಪುರ ನಿಲ್ಲಿಸುವುದನ್ನು ತಡೆಯಬಹುದೇ ಎಂಬುದು ಮಳಖೇಡದ ಓದುಗರ ಪ್ರಶ್ನೆ. ವಿದ್ಯುತ್ ಕಾಯ್ದೆ, 2003ರ 164ನೇ ಕಲಮಿನಡಿ ಸರ್ಕಾರ ಅಧಿಕಾರ ನೀಡಿದ್ದಲ್ಲಿ, ಪ್ರಸರಣ ಸಂಸ್ಥೆಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರಗಳು ದೊರೆಯುವುದರಿಂದ, ಭೂಸ್ವಾಧೀನವಾಗಲಿ ಮಾಲೀಕರ ಪೂರ್ವಸಮ್ಮತಿಯಾಗಲಿ ಇಲ್ಲದೆಯೇ ಕಾಮಗಾರಿ ನಡೆಯಬಲ್ಲದು. ಒಡೆತನ ಮಾತ್ರ ರೈತರಲ್ಲೇ ಉಳಿಯುತ್ತದೆ. ರೈತರು ಅಡ್ಡಿಪಡಿಸಿದರೆ ಜಿಲ್ಲಾ ದಂಡಾಧಿಕಾರಿ, ಅಂದರೆ ಜಿಲ್ಲಾಧಿಕಾರಿ, ಕಾಮಗಾರಿಗೆ ಅವಕಾಶ ನೀಡಬಹುದಾಗಿದ್ದು, ಪರಿಹಾರ ಸಾಲದೆನಿಸಿದವರು ಅದೇ ಹಳೆಯ ಕಾಯ್ದೆಯ 16(3)ರಡಿ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಸಲ್ಲಿಸಬಹುದು. ಕೇಂದ್ರದ 2024ರ ಮಾರ್ಗಸೂಚಿ ಗೋಪುರದಡಿಯ ಜಾಗಕ್ಕೆ ಭೂಮೌಲ್ಯದ ಶೇ 200, ಗ್ರಾಮೀಣ ಭಾಗದಲ್ಲಿ ತಂತಿಯಡಿಯ ಪಟ್ಟಿಗೆ ಶೇ 30 ಸೂಚಿಸಿದೆ. ರಾಜ್ಯದೊಳಗಿನ ಮಾರ್ಗಕ್ಕೆ ರಾಜ್ಯ ಅಂಗೀಕರಿಸಿದ ದರವೇ ನಿರ್ಣಾಯಕ. ಇಂಥ ಮಾರ್ಗಗಳಿಗೆ ಅನುಮೋದನೆ ಚುರುಕಾಗಬೇಕೆಂಬ ವಾದ ಒಪ್ಪತಕ್ಕದ್ದೇ, ಆದರೆ ಪರಿಹಾರ ನಿಧಾನವಾದರೆ ಅದು ಏಕಪಕ್ಷೀಯ. ಆದ್ದರಿಂದ ಓದುಗರು ಬುನಾದಿ ಅಗೆಯುವ ಮುನ್ನವೇ ಬೆಳೆಯ ಪಂಚನಾಮೆ ಮಾಡಿಸಿ, ಪಹಣಿಯೊಡನೆ ಲಿಖಿತ ಬೇಡಿಕೆ ಸಲ್ಲಿಸುವುದು ಒಳಿತು.