ಅಂಕ ಮತ್ತು ವಿಮರ್ಶೆ

ಕಾವ್ಯ, ನಾಟಕಗಳಿಗೆ ವಿಮರ್ಶಕರಿರುವಂತೆ ಗಣಕಯಂತ್ರದ ಆಟಗಳಿಗೂ ವಿಮರ್ಶಕರುಂಟು. ಇವರ ಕಾರ್ಯ ಸುಲಭವಾದುದಲ್ಲ. ಆಟದ ಕಥೆ, ಚಿತ್ರ, ಧ್ವನಿಗಳನ್ನಲ್ಲದೆ, ಅದು ಆಡುವವನ ಕೈಗೆ ಹೇಗೆ ಒಗ್ಗುತ್ತದೆ ಎಂಬುದನ್ನೂ ಅವರು ಪರಿಶೀಲಿಸಬೇಕು. ಅದಕ್ಕಾಗಿ ಹಲವು ಗಂಟೆಗಳ ಕಾಲ ತಾವೇ ಆಡಿ ನೋಡಬೇಕು.

ಜಪಾನಿನಲ್ಲಿ 1986ರಲ್ಲಿ ಆರಂಭವಾದ 'ಫಾಮಿತ್ಸು' ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ಒಂದೇ ಆಟಕ್ಕೆ ತಲಾ ಹತ್ತರಂತೆ ಅಂಕ ನೀಡುವ ಪದ್ಧತಿ ಪ್ರಸಿದ್ಧವಾಯಿತು. ಅದರಲ್ಲಿ ನಲವತ್ತಕ್ಕೆ ನಲವತ್ತು ಅಂಕಗಳನ್ನು ಮೊದಲು ಗಳಿಸಿದುದು 1998ರ 'ದಿ ಲೆಜೆಂಡ್ ಆಫ್ ಜೆಲ್ಡಾ: ಒಕಾರಿನಾ ಆಫ್ ಟೈಮ್'. 2001ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಮೆಟಾಕ್ರಿಟಿಕ್' ಇನ್ನೂ ಮುಂದೆ ಹೋಗಿ, ಅನೇಕ ಪತ್ರಿಕೆಗಳ ಅಂಕಗಳನ್ನು ನೂರರ ಮಾನಕ್ಕೆ ಪರಿವರ್ತಿಸಿ, ಅವುಗಳ ಸರಾಸರಿಯನ್ನು ಪ್ರಕಟಿಸತೊಡಗಿತು.

ಕೊಳ್ಳುವವನಿಗೆ ಇದು ಅನುಕೂಲವೇ ಸರಿ. ಆದರೆ ಅಂಕವು ಕೆಲವೊಮ್ಮೆ ದುಡಿದವರ ಸಂಪಾದನೆಯನ್ನೂ ನಿರ್ಧರಿಸುತ್ತದೆ. ಒಬ್ಸಿಡಿಯನ್ ಸಂಸ್ಥೆಯವರು ರಚಿಸಿದ 'ಫಾಲ್‌ಔಟ್: ನ್ಯೂ ವೇಗಾಸ್' 2010ರಲ್ಲಿ ಹೊರಬಂದಿತು. ಸರಾಸರಿ 85 ಬಂದರೆ ಮಾತ್ರ ಸಂಸ್ಥೆಗೆ ಹೆಚ್ಚುವರಿ ಹಣವೆಂಬ ಷರತ್ತು ಇದ್ದಿತೆಂದು ಅದರ ವಿನ್ಯಾಸಕಾರರಲ್ಲೊಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ತಿಳಿಸಿದರು. ಬಂದುದು 84, ಆ ಹಣ ಕೈತಪ್ಪಿತು.

ಆಟದ ಕಥೆಯನ್ನು ಕೊಂಡಾಡಿದ ವಿಮರ್ಶಕರೇ ಅದರ ತಾಂತ್ರಿಕ ದೋಷಗಳನ್ನೂ ಎತ್ತಿ ತೋರಿದ್ದರು. ಗುಣವೂ ದೋಷವೂ ಒಂದೇ ಸಂಖ್ಯೆಯಲ್ಲಿ ಅಡಗಿಹೋದವು. ಅಂಕವು ತೀರ್ಪನ್ನು ಹೇಳಬಲ್ಲದು. ಅದರ ಕಾರಣವನ್ನು ಹೇಳಲಾರದು. ಕಾರಣವಿರುವುದು ವಿಮರ್ಶೆಯ ವಾಕ್ಯಗಳಲ್ಲಿ. ಆದುದರಿಂದ ಅಂಕವನ್ನು ಕಂಡವರು ಬರಹವನ್ನೂ ಓದಿಯೇ ಆಟದ ಯೋಗ್ಯತೆಯನ್ನು ನಿರ್ಣಯಿಸುವುದು ಉಚಿತ.